ಮುಚ್ಚಳ

ಡೇರಿಯಲ್ಲಿ ರಾತ್ರಿ ಪಾಳಿ ಮುಗಿಸಿ
ಬೂಟು ಕೈಯಲ್ಲಿ ಹಿಡಿದು ಒಳಗೆ ಬರುತ್ತೇನೆ.
ತಣ್ಣೀರುಹಳ್ಳದಲ್ಲಿ ಇನ್ನೂ ನಾಲ್ಕೂಮುಕ್ಕಾಲು.
ಇಬ್ಬರೂ ಮಲಗಿದ್ದಾರೆ.
ಆರೂವರೆಗೆ ಗಾರ್ಮೆಂಟ್ಸ್ ಬಸ್ಸು ಬಂದು ಹೆಂಡತಿಯನ್ನು ಕರೆಯುತ್ತದೆ,
ಆಮೇಲೆ ಮಗಳನ್ನು ಶಾಲೆ.
ಅಷ್ಟರೊಳಗೆ ಎರಡು ಡಬ್ಬಿ ತುಂಬಬೇಕು.
ಇದು ನನ್ನ ಎರಡನೇ ಪಾಳಿ, ಇದಕ್ಕೆ ಹಾಜರಿ ಪುಸ್ತಕವಿಲ್ಲ.

ಮೊದಮೊದಲು ನನಗೇನು ಗೊತ್ತಿತ್ತು?
ಬ್ರೆಡ್ಡು, ಜಾಮು, ಹತ್ತು ರೂಪಾಯಿ ಚಿಪ್ಸು,
ಹೀರಿ ಎಸೆಯುವ ಜ್ಯೂಸಿನ ಪೊಟ್ಟಣ.
ಸಂಜೆ ಮಗಳ ಚೀಲ ಬೋರಲು ಹಾಕಿದರೆ
ಪರಪರ ಪ್ಲಾಸ್ಟಿಕ್ಕು, ನಡುವೆ ಒಂದು ಮೊಂಡು ಪೆನ್ಸಿಲ್ಲು.
"ನೀವು ಕಟ್ಟಿದ್ದು ಊಟನೋ ಕಸನೋ?" ಅಂದಳು ಪುಟ್ಟಲಕ್ಷ್ಮಿ.
ಬೈದಿದ್ದರೆ ಮರೆಯುತ್ತಿದ್ದೆ.
ಕೇಳಿದಳು.

ಅಟ್ಟದಿಂದ ಇಳಿಸಿದೆ ಅವಳ ಅವ್ವನ ಡಬ್ಬಿ.
ಹೊಟ್ಟೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು:
ಬಿ. ಜವರಮ್ಮ, ೧೯೮೬.
ತಳ ನೆಗ್ಗಿದೆ, ಮುಚ್ಚಳ ಇಲ್ಲ.
ಕಟ್ಟಿನಕೆರೆ ಮಾರ್ಕೆಟ್ಟಿನ ಹತ್ತಿರ ಪಾತ್ರೆ ಅಂಗಡಿ,
ಇಸ್ಮಾಯಿಲ್ ಸಾಹೇಬರು ಗುಜರಿ ಬುಟ್ಟಿಯೊಳಗೆ ಕೈಯಾಡಿಸಿ
ಹದಿನೇಳು ಮುಚ್ಚಳ ಇಟ್ಟು, ತೆಗೆದು,
ಹದಿನೆಂಟನೆಯದನ್ನು ಅಂಗೈಯಿಂದ ಗುದ್ದಿ ಕೂರಿಸಿದರು.
ಅದರ ಮೇಲೂ ಒಂದು ಹೆಸರು: ಪಿಲೋಮಿನಾ.
ಯಾರ ಮನೆಯ ತಳವೋ, ಯಾರ ಮನೆಯ ತಲೆಯೋ,
ಬಸ್ಸು ಎಷ್ಟು ಕುಲುಕಿದರೂ
ಸಾರು ಚೆಲ್ಲುವುದಿಲ್ಲ.

ಈಗ ಕೈ ಪಳಗಿದೆ.
ಹೀರೆಕಾಯಿ ಹೆರೆದರೆ ಸಿಪ್ಪೆ ಬಾಣಲೆಗೆ,
ಎಳ್ಳು, ಹುಣಸೆ, ಎರಡು ಒಣಮೆಣಸಿನಕಾಯಿ, ಚಟ್ನಿ.
ಕೊತ್ತಂಬರಿಯ ದಂಟು ಸಾರಿನ ಖಾರಕ್ಕೆ.
ರಾಗಿರೊಟ್ಟಿಗೆ ನುಗ್ಗೆಸೊಪ್ಪು, ಕಡ್ಡಿ ಬಿಡಿಸಿ;
ಒಂದು ಕಡ್ಡಿ ತಪ್ಪಿಸಿಕೊಂಡರೂ ಮಗಳ ಹಲ್ಲು ಹಿಡಿಯುತ್ತದೆ.
ರೊಟ್ಟಿಯನ್ನು ಬಿಸಿಯಲ್ಲೇ ಮುಚ್ಚಬಾರದು, ಬೆವರುತ್ತದೆ.
ಇದನ್ನು ನಾನೂ ಬೆವರಿಯೇ ಕಲಿತೆ.
ಹಳೇ ಪಂಚೆ ಹರಿದು ಮಾಡಿದ ಚೌಕ, ಸುತ್ತಿ ಒಂದು ಗಂಟು.
ಏಲಕ್ಕಿ ಬಾಳೆಗೆ ಆ ಯೋಚನೆಯೂ ಇಲ್ಲ,
ಹುಟ್ಟುವಾಗಲೇ ಉಟ್ಟುಕೊಂಡು ಬಂದಿದೆ.

ಫ್ಯಾಕ್ಟರಿಯಲ್ಲಿ ಊಟಕ್ಕೆ ಅರ್ಧ ಗಂಟೆ.
ಒಂಬತ್ತು ಹೆಂಗಸರು ಸುತ್ತ ಕೂರುತ್ತಾರಂತೆ,
ಮುಚ್ಚಳಗಳೇ ತಟ್ಟೆ.
ಗಾಯತ್ರಿಯ ಹುರುಳಿಕಾಳು ಪಿಲೋಮಿನಾ ಮೇಲೆ,
ಜವರಮ್ಮನ ಹೊಟ್ಟೆಯಿಂದ ರೊಟ್ಟಿ ಒಂಬತ್ತು ಚೂರು.
"ನಮ್ಮನೆಯವರು ಮಾಡಿದ್ದು" ಅಂತ ಹೇಳುತ್ತಾಳೋ ಇಲ್ಲವೋ
ನಾನು ಕೇಳಿಲ್ಲ.
ಒಂದು ಸಂಜೆ ಚಪ್ಪಲಿ ಬಿಡುತ್ತಾ ಅಂದಳು,
"ಸಿಪ್ಪೆ ಚಟ್ನಿಗೆ ಎಳ್ಳು ಎಷ್ಟು ಅಂತ ಗಾಯತ್ರಿ ಕೇಳಿದ್ಲು."
ಆ ರಾತ್ರಿ ಡೇರಿಯಲ್ಲಿ
ಕ್ಯಾನುಗಳನ್ನು ಎರಡೆರಡು ಸಲ ತೊಳೆದೆ.

ಮಗಳದು ಬೇರೆ ಡಬ್ಬಿ, ಚಿಕ್ಕದು.
ಅದು ತಿರುಗಿ ಬಂದಾಗ ನನಗೊಂದು ಕಾಗದ, ತೆಗೆದು ಓದುತ್ತೇನೆ.
ಮೂಲೆಗೆ ತಳ್ಳಿದ ಕ್ಯಾರೆಟ್ಟು: ಇನ್ನು ಸಾಕು.
ಅರ್ಧ ರೊಟ್ಟಿ: ಯಾರೊಡನೆಯೋ ಜಗಳ.
ಕರಿಬೇವಿನ ಎಲೆ ಒಂದೇ ಒಂದು: ಎಲ್ಲಾ ಕ್ಷೇಮ.
ಮೊನ್ನೆ ತಳದಲ್ಲಿ ಒಂದು ಲವಂಗ.
ನಮ್ಮನೆಯಲ್ಲಿ ಲವಂಗ ಮುಗಿದು ವಾರವಾಗಿತ್ತು.
"ಯಾರದೇ ಇದು, ಲಿಖಿತಾ?"
"ಗೊತ್ತಿಲ್ಲ."
ಹೋಂವರ್ಕಿನ ನಡುವೆ ತಾನಾಗಿಯೇ ತಲೆಯೆತ್ತಿದಳು:
"ಜೋಹರಾದು. ಅವಳ ಡಬ್ಬಿಗೆ ಮುಚ್ಚಳ ಇಲ್ಲ ಅಪ್ಪ,
ದಿನಾ ಪ್ಲಾಸ್ಟಿಕ್ ಕವರಲ್ಲಿ ಕಟ್ಕೊಂಡು ಬರ್ತಾಳೆ,
ಅದು ಒಡೆದು ಪುಸ್ತಕ ಎಲ್ಲಾ ಪಲಾವು."

ಅಳತೆ ತಗೊಂಡು ಬಾ, ಅಂದೆ.
ಮರೆಯುತ್ತಾಳೆ ಅಂದುಕೊಂಡಿದ್ದೆ.
ನಿನ್ನೆ ಡಬ್ಬಿ ತೆರೆದರೆ
ಉಣ್ಣದ್ದು ಏನೂ ಇಲ್ಲ, ಕರಿಬೇವೂ ಇಲ್ಲ.
ಒಂದು ಕೆಂಪು ದಾರ,
ಜೋಹರಾಳ ಡಬ್ಬಿಯ ಬಾಯಿಗೆ ಸುತ್ತಿ, ಗಂಟು ಹಾಕಿ,
ಜಾರಿಸಿ ತಂದದ್ದು.
ಜಿಡ್ಡಾಗಿದೆ. ಜೇಬಿನಲ್ಲಿದೆ.

ಸಾಹೇಬರ ಅಂಗಡಿ ತೆರೆಯುವುದು ಹತ್ತಕ್ಕೆ.
ಇವತ್ತು ನಿದ್ದೆ ಸ್ವಲ್ಪ ತಡ.